ಅಕ್ಕನ ಹಿಮ್ಮಡಿ

ಟ್ಯಾಂಕರಿನ ಹಿಂದಿನ ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿದೆ, ಒಂದೇ ಜಾಗಕ್ಕೆ, ಅಲ್ಲೊಂದು ಪುಟ್ಟ ಕೊಚ್ಚೆಯೇ ಆಗಿಹೋಗಿದೆ, ಅಂದರೆ ಈ ಗಾಡಿ ಅಲ್ಲಾಡದೆ ಬಹಳ ಹೊತ್ತಾಯಿತು, ಅಂದರೆ ಅದರ ಹಿಂದಿರುವ ನಾವೂ ಅಲ್ಲಾಡಿಲ್ಲ, ಬೊಮ್ಮಸಂದ್ರದಲ್ಲಿ ಜಿಗಣಿ ರೋಡಿಗೆ ತಿರುಗಿಕೊಂಡಾಗ ಆಟೋ ಓಡಿಸುವ ಬಾಲಾಜಿಯ ಮೊಣಕಾಲ ಮೇಲಿದ್ದ ಬಿಸಿಲು ಈಗ ಹಿಂದಿನ ಸೀಟಿಗೇ ನುಗ್ಗಿ ನನ್ನ ಮಡಿಲಿನ ಕವರಿನ ಮೇಲೆ ಕೂತಿದೆ, ಕವರಿನೊಳಗೆ ಸೀರೆ, ಹಸಿರು ಸೀರೆ, ಕೆಂಪು ಅಂಚು, ಹೊತ್ತು ಮುಳುಗುವುದರೊಳಗೆ ಈ ಸೀರೆ ನಮ್ಮಕ್ಕನ ಮೈಮೇಲೆ ಬೀಳಬೇಕು. ಬೀಳಲೇಬೇಕು. ಹಿಂದಿನಿಂದ ಕಂಪನಿ ಬಸ್ಸು ಹಾರನ್ ಹೊಡೆಯುತ್ತಿದೆ, ಹೊಡೆಯಪ್ಪಾ ಹೊಡಿ, ನಿನ್ನ ಹಾರನ್ನಿಗೆ ರೆಕ್ಕೆ ಬಂದು ನಾವೆಲ್ಲ ಹಾರಿಹೋಗುತ್ತೇವೆ, ಎಡಕ್ಕೆ ಪೈಪು ಹಾಕಲು ಅಗೆದು ಬಿಟ್ಟ ಗುಂಡಿ, ಬಲಕ್ಕೆ ಎದುರಿನಿಂದ ಬಂದ ಗಾಡಿಗಳು, ಸಂದುಗೊಂದಿನಲ್ಲೆಲ್ಲ ಬೈಕು, ಶಿಫ್ಟ್ ಬಿಟ್ಟಿದೆ, ಎಲ್ಲರಿಗೂ ಮನೆ ಸೇರುವ ಅವಸರ, ಯಾರೂ ಸೇರುವುದಿಲ್ಲ. ಓನರಮ್ಮ, ಮುಂದೆ ಏನೋ ಸಿಕ್ಕಾಕೊಂಡಿದೆ, ಇನ್ನು ಅರ್ಧ ಗಂಟೆ ಆಗ್ಬೋದು ಅನ್ನುತ್ತಾನೆ ಬಾಲಾಜಿ, ನಮ್ಮ ವಠಾರದ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದಾನೆ, ಒಳ್ಳೆಯ ಹುಡುಗ, ಕೂಗಿದ ತಕ್ಷಣ ಊಟದ ತಟ್ಟೆ ಬಿಟ್ಟು ಆಟೋ ತೆಗೆದ. ಅರ್ಧ ಗಂಟೆ ನನ್ನ ಹತ್ತಿರ ಇಲ್ಲ.

ಅತ್ತೆ ಓಗ್ಬಿಟ್ರು ಚಿಕ್ಕತ್ತೆ. ಮಧ್ಯಾಹ್ನ ಫೋನು ಬಂದಾಗ ನಾನು ತಾರಸಿಯ ಮೇಲೆ ಹಪ್ಪಳ ತಿರುವಿಹಾಕುತ್ತಿದ್ದೆ, ಯಾರು ಮಾತಾಡೋದು ಅಂತ ಮೂರು ಸಲ ಕೇಳಿದೆ, ಮಾಲಾ ಕಣ್ರೀ, ಶ್ರೀಧರನ ಹೆಂಡ್ತಿ ಅಂದಳು ಪಿಸುಮಾತಿನಲ್ಲಿ, ಅಕ್ಕನ ಸೊಸೆ, ಹಿತ್ತಲಿಗೆ ಬಂದು ಕದ್ದು ಮಾತಾಡುತ್ತಿದ್ದಳು, ಹಿಂದೆ ಕೋಳಿ ಕೂಗುವುದು ಕೇಳಿಸುತ್ತಿತ್ತು, ಬೆಳಿಗ್ಗೆ ಎದ್ದು ಎದೆ ಹಿಡ್ಕಂಡ್ರು, ಆಸ್ಪತ್ರೆ ಮುಟ್ಲಿಲ್ಲ, ಮಾವ ಯಾರ್ಗೂ ಏಳ್ಬೇಡ ಅಂದವ್ರೆ, ನಿಮ್ಗಂತೂ ಏಳ್ಲೇಬೇಡ ಅಂದವ್ರೆ, ಹೊತ್ತು ಮುಳುಗೋದ್ರೊಳ್ಗೆ ಎತ್ತಬೇಕು ಅಂತ ಗುಂಡಿ ತೋಡಿಸ್ತಾವ್ರೆ. ಅಲ್ಲಿಂದ ಇಲ್ಲಿಯವರೆಗೆ ನಾನು ಅತ್ತಿಲ್ಲ. ಅಳುವುದಕ್ಕೆ ಆಮೇಲೆ ಬೇಕಾದಷ್ಟು ದಿನ ಇದೆ, ಹಪ್ಪಳ ಅಲ್ಲೇ ಬಿಟ್ಟು ಪೆಟ್ಟಿಗೆ ತೆಗೆದೆ, ನುಸಿಗುಳಿಗೆಯ ವಾಸನೆ, ನನ್ನ ಒಂದೂ ಸೀರೆ ಮುಟ್ಟದೆ ತಳಕ್ಕೆ ಕೈ ಹಾಕಿ ಈ ಕವರನ್ನು ಎಳೆದೆ. ನಮ್ಮೆಜಮಾನರು ಬಾಗಿಲಲ್ಲಿ ನಿಂತಿದ್ದರು. ಬ್ಯಾಡ ಕಣೆ, ಮುಖದ ಮೇಲೆ ಬಾಗ್ಲು ಹಾಕ್ತಾರೆ, ಹಾಕಿಸ್ಕಂಡು ಬರ್ಬೇಕಾ. ಹಾಕಲಿ. ತವರಿನ ಸೀರೆ ಗಂಡು ದಿಕ್ಕಿನೋರು ತರೋದು, ನೀನ್ ತಗಂಡೋದ್ರೆ ನಡೀತದಾ. ನಡೆಯುತ್ತದೋ ಇಲ್ಲವೋ ಕೇಳುವುದಕ್ಕೆ ಅಲ್ಲಿ ಯಾರಿದ್ದಾರೆ, ಅಪ್ಪ ಇಲ್ಲ, ಅವ್ವ ಇಲ್ಲ, ಅಣ್ಣ ನರಸಪ್ಪ ಮದುವೆ ಅಂತ ಒಂದು ಮಾಡಿಕೊಳ್ಳದೆ ತೀರಿಹೋದ, ಮನೆಯಿದ್ದ ಜಾಗದಲ್ಲಿ ಈಗ ಗಾಜಿನ ಕಟ್ಟಡ ಇದೆ, ತವರು ಅಂದರೆ ಈಗ ನಾನೇ, ಈ ಆಟೋದಲ್ಲಿ ಕೂತಿರುವುದೇ ತವರು.

ನಮ್ಮಲ್ಲಿ ಹೆಣ್ಣು ಮಗಳು ಸತ್ತರೆ ತವರಿನ ಸೀರೆ ಹೊದಿಸಬೇಕು, ಗಂಡನ ಮನೆಯವರು ಜರತಾರಿಯನ್ನೇ ಹಾಕಿರಲಿ, ಅದರ ಮೇಲೆ ತವರಿನದು ಬೀಳಬೇಕು, ಬಡವರಾದರೆ ನೂಲಿನ ಸೀರೆ, ಅದೂ ಇಲ್ಲದವರು ರವಿಕೆ ಕಣವಾದರೂ ಹಾಕುತ್ತಾರೆ, ಇವಳು ಎಲ್ಲಿಂದಲೋ ಬಿದ್ದು ಸಿಕ್ಕವಳಲ್ಲ, ಒಂದು ಮನೆಯಿಂದ ಬಂದವಳು ಅಂತ ಮಣ್ಣಿಗಾದರೂ ಗೊತ್ತಾಗಬೇಕಲ್ಲ. ಎಷ್ಟು ದೂರದವರಾದರೂ ತವರಿನವರು ಬರುವವರೆಗೆ ಕಾಯುತ್ತಾರೆ. ಈ ಚಿಕ್ಕಬೈರಪ್ಪ ಕಾಯುವುದಿಲ್ಲ. ಬಾವ. ಬಾಯಲ್ಲಿ ಬಾವ ಅನ್ನುತ್ತೇನೆ, ಹೊಟ್ಟೆಯಲ್ಲಿ ಏನನ್ನುತ್ತೇನೆ ಅಂತ ನನಗೆ ಗೊತ್ತು. ನನ್ನ ಮಗಳು ಲಾವಣ್ಯಳ ನಾಮಕರಣದ ದಿನ, ಅಪ್ಪನ ಮನೆಯ ಅಂಗಳದಲ್ಲಿ ಚಪ್ಪರ, ಕಂಪನಿಗಳಿಗೆ ಅಂತ ಊರಿನ ಹೊಲವೆಲ್ಲ ಹೋಗಿ ರೋಡಿನ ಪಕ್ಕ ಒಂದು ತುಂಡು ನೆಲ ಉಳಿದಿತ್ತು, ಅದನ್ನು ನನ್ನ ಹೆಸರಿಗೆ ಮಾಡಿ ಅಂತ ಊಟಕ್ಕೆ ಕೂತಲ್ಲೇ ಕೇಳಿದ ಈ ಮನುಷ್ಯ, ಆಗಲ್ಲ ಅಳಿಯಂದ್ರೇ ಅಂತ ಅಪ್ಪ ನಗುತ್ತಲೇ ಹೇಳಿದ, ಅನ್ನಕ್ಕೆ ಸಾರು ಬಿದ್ದಿತ್ತು, ಕೈ ಹಾಕಿ ಕಲಸಿದ್ದ, ಹಾಗೇ ಎಲೆ ಬಿಟ್ಟು ಎದ್ದ. ಎಲೆ ಬಿಟ್ಟು ಏಳುವುದು ಅಂದರೆ ಉಂಡ ಮನೆಯ ಮುಖಕ್ಕೆ ಉಗಿದ ಹಾಗೆ. ಕೈಯನ್ನೂ ತೊಳೆಯದೆ ಅಕ್ಕನ ರಟ್ಟೆ ಹಿಡಿದು ಎಬ್ಬಿಸಿ, ಇನ್ಮೇಲೆ ಈ ಮನೆ ಒಂದು ನೂಲೂ ನನ್ನ ಹೊಸ್ಲು ದಾಟಕೂಡ್ದು ಅಂದ, ಅಕ್ಕನ ರವಿಕೆಯ ತೋಳಿನ ಮೇಲೆ ಸಾರಿನ ಬೆರಳುಗಳು ಮೂಡಿದ್ದವು, ನಾನು ಬಾಣಂತಿ, ಮಗು ಎತ್ತಿಕೊಂಡು ನೋಡುತ್ತಾ ನಿಂತೆ. ಗೌರಿ ಹಬ್ಬಕ್ಕೆ ಅಪ್ಪ ಕಳಿಸಿದ ಬಾಗಿನ ವಾಪಸ್ಸು ಬಂತು. ಅವ್ವ ಸತ್ತಾಗ ಅಕ್ಕ ರೋಡಿನಲ್ಲೇ ನಿಂತು ಮುಖ ನೋಡಿ ಹೋದಳು, ಬಾವನ ತಮ್ಮ ಬೈಕಿನ ಮೇಲೆ ಕಾಯುತ್ತಿದ್ದ, ಐದು ನಿಮಿಷವೂ ನಿಲ್ಲಿಸಲಿಲ್ಲ.

ಮತ್ತೆ ಹಾರನ್ನು. ಪಕ್ಕದ ಕ್ಯಾಬಿನಲ್ಲಿ ಕೂತ ಹುಡುಗಿ ಕಿವಿಗೆ ವೈರು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದಾಳೆ, ಪುಣ್ಯವಂತೆ. ಎಲ್ಲಿಂದಲೋ ಸುಟ್ಟ ರಬ್ಬರಿನ ವಾಸನೆ, ಕಾರ್ಖಾನೆಯದೋ ಯಾರದೋ ಬ್ರೇಕಿನದೋ, ನನ್ನ ತಲೆಯೊಳಗೂ ಹೀಗೇ, ಒಂದು ನೆನಪು ಇನ್ನೊಂದರ ಮೈಮೇಲೆ ಹತ್ತಿ ಕೂತಿದೆ, ಯಾವುದೂ ಮುಂದೆ ಹೋಗುವುದಿಲ್ಲ. ಚಂದಾಪುರದ ಸಂತೆ. ಅಕ್ಕ ಸೊಪ್ಪು ಕೊಳ್ಳುವ ನೆಪದಲ್ಲಿ ಬರುತ್ತಿದ್ದಳು, ನಾನು ತೆಂಗಿನಕಾಯಿಯ ನೆಪದಲ್ಲಿ ಹೋಗುತ್ತಿದ್ದೆ, ಇಬ್ಬರೂ ಮೊಮ್ಮಕ್ಕಳನ್ನು ಕಂಡವರು, ಕಳ್ಳರ ಹಾಗೆ ಬಟ್ಟೆ ಅಂಗಡಿಯ ಹಿಂದೆ ನಿಂತು ಬೋಂಡ ತಿನ್ನುತ್ತಿದ್ದೆವು. ಹೋದ ವರ್ಷ ಒಂದು ದಿನ ನನ್ನ ಕೈ ಹಿಡಿದು ಅಂಗಡಿಯೊಳಗೆ ಎಳೆದುಕೊಂಡು ಹೋದಳು, ಬಾ, ನಂಗೊಂದು ಸೀರೆ ಕೊಡ್ಸು. ನೂಲೂ ದಾಟಬಾರ್ದು ಅಂದವ್ನಲ್ಲ ನಿನ್ನ ಗಂಡ ಅಂದೆ. ಈಗಲ್ಲ ಕಣೆ, ನಾನು ಸತ್ತಾಗ, ನೀನೇ ಇಟ್ಕಂಡಿರು, ತಗಂಡ್ ಬಾ. ನಾನು ಬೈದೆ, ಸಂತೆಯಲ್ಲಿ ನಿಂತು ಆಡುವ ಮಾತಾ ಇದು ಅಂದೆ, ಅವಳು ಕ್ಯಾರೇ ಅನ್ನಲಿಲ್ಲ, ಒಂದೊಂದೇ ಸೀರೆ ಬಿಡಿಸಿ ಬೆಳಕಿಗೆ ಹಿಡಿದು, ಇದು ಜಾಳು, ಇದು ಮಾಲಾಗಾದ್ರೆ ಸರಿ, ಇದ್ರ ಅಂಚು ಸುಮಾರು ಅಂತ ಎಲ್ಲ ರಾಶಿ ಹಾಕಿಸಿ ಕೊನೆಗೆ ಇದನ್ನು ಹಿಡಿದಳು. ಬಣ್ಣ ಹೋಗುತ್ತೇನಪ್ಪ ಅಂತ ಕೇಳಿದಳು, ಅಂಗಡಿಯವನು ಎಷ್ಟ್ ಸಲ ಒಗೆದ್ರೂ ಹೋಗಲ್ಲ ಅಕ್ಕ, ಗ್ಯಾರಂಟಿ ಅಂದ, ಅಕ್ಕ ನನ್ನ ಮುಖ ನೋಡಿ ನಗುವುದಕ್ಕೆ ಶುರು ಮಾಡಿದಳು, ಒಗೆಯೋರ್ ಯಾರೆ ಅಂಜೂ, ಒಗೆಯೋರ್ ಯಾರು, ನಗು ತಡೆಯಲಾರದೆ ಸೀರೆಯ ರಾಶಿಯ ಮೇಲೆ ಕೂತೇಬಿಟ್ಟಳು, ನನಗೂ ನಗು ಬಂದುಬಿಟ್ಟಿತು. ಆಮೇಲೆ ಬಸ್ಸು ಹತ್ತುವಾಗ ನಗದೆ ಹೇಳಿದಳು. ಅವ್ರ ಸೀರೇಲಿ ಮಣ್ಣಾಗಕ್ಕೆ ನಂಗಿಷ್ಟ ಇಲ್ಲ ಕಣೆ, ನಮ್ಮನೆದು ಮೇಲೆ ಬೀಳ್ಬೇಕು, ನೀನ್ ಬರ್ತೀಯ ತಾನೆ.

ಬರ್ತೀನಿ ಅಂದಿದ್ದೆ. ಅಕ್ಕ ಹತ್ತುವಾಗ ಬಸ್ಸಿನ ಮೆಟ್ಟಿಲ ಮೇಲೆ ಅವಳ ಹಿಮ್ಮಡಿ ಕಾಣಿಸಿತು, ಚಪ್ಪಲಿಯಿಂದ ಹೊರಗೆ ಬಂದ ಹಿಮ್ಮಡಿ, ಬಿರುಕು ಬಿಟ್ಟದ್ದು, ಬಲಗಾಲಿನದರ ಮೇಲೆ ಕುಡುಗೋಲು ತಾಗಿದ ಕಲೆ, ಅರ್ಧ ಚಂದ್ರನ ಹಾಗೆ, ಬೆಳ್ಳಗೆ. ಆ ಹಿಮ್ಮಡಿಯನ್ನು ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಫೋನು. ಮಾಲಾ. ಚಿಕ್ಕತ್ತೆ ಎಲ್ಲಿದ್ದೀರಿ, ಮೈ ತೊಳ್ಸಿ ಆಯ್ತು, ಅರಿಶಿನ ಹಚ್ಚವ್ರೆ, ತಮಟೆಯೋರು ಬಂದ್ರು. ಇನ್ನೊಂದ್ ಸ್ವಲ್ಪ ಹೊತ್ತು ತಡೀಲಿ ಅಂತ ಶ್ರೀಧರಂಗೆ ಏಳು ತಾಯೀ. ಅವ್ರು ಅಪ್ಪನ್ ಮುಂದೆ ಬಾಯಿ ಬಿಡಲ್ಲ ಚಿಕ್ಕತ್ತೆ, ನಿಮ್ಗೆ ಗೊತ್ತಲ್ಲ. ಗೊತ್ತು, ಗೊತ್ತಿದ್ದೇ ಕೇಳಿದೆ. ಬಾಲಾಜಿ, ನಾನು ಇಳೀತೀನಿ. ಎಲ್ಲಿಗಮ್ಮ, ಇನ್ನೂ ತುಂಬಾ ದೂರ ಇದೆ, ನಡ್ಕೊಂಡು ಹೋದ್ರೆ ಕತ್ತಲಾಗುತ್ತೆ. ನಡೆಯಕ್ಕಲ್ಲ ಕಣಪ್ಪ, ಇದೇನ್ ಸಿಕ್ಕಾಕೊಂಡೈತೆ ನೋಡ್ಬರ್ತೀನಿ. ಇಳಿದೆ, ಕವರು ಬಿಸಾಕಿ ಸೀರೆಯನ್ನು ಎಡಗಂಕುಳಿಗೆ ಒತ್ತಿಕೊಂಡೆ, ಸೆರಗು ಸಿಕ್ಕಿಸಿದೆ, ಬಿಸಿ ಗಾಳಿ ಮುಖಕ್ಕೆ ಹೊಡೆಯಿತು.

ಟ್ಯಾಂಕರು ದಾಟಿ ಮುಂದೆ ಬಂದರೆ ಅಯ್ಯೋ ಶಿವನೇ, ಇದು ಜಾಮಲ್ಲ, ಜಾತ್ರೆ ಕೂಡ ಇದಕ್ಕಿಂತ ವಾಸಿ, ಒಬ್ಬನೂ ತನ್ನ ದಾರಿಯಲ್ಲಿಲ್ಲ, ಎಲ್ಲರೂ ಇನ್ನೊಬ್ಬನ ದಾರಿಯಲ್ಲಿ. ನಾನು ಕೂಗಿದೆ. ಏಯ್ ಹಿಂದಕ್ಕೆ ತಗಳ್ರೋ, ನೀನು, ನೀಲಿ ಷರ್ಟು, ಏ ಬಸ್ಸು, ಏ ಕಾರು, ಕೈ ಬೀಸಿದೆ, ಬಾನೆಟ್ಟಿನ ಮೇಲೆ ಹೊಡೆದೆ, ಒಬ್ಬ ಗಾಜು ಇಳಿಸಿ ಆಂಟಿ ಪೇಂಟು ಅಂದ, ಇನ್ನೊಬ್ಬ ಫೋನಿನಲ್ಲಿ ಫೋಟೋ ಹಿಡಿದ, ಒಬ್ಬ ಒಂದು ಗೇಣು ಹಿಂದೆ ಹೋದರೆ ಆ ಗೇಣಿಗೆ ಇಬ್ಬರು ಬೈಕಿನವರು ತೂರಿಕೊಂಡರು. ಟ್ಯಾಂಕರಿನವನು ಮೇಲಿನಿಂದ ತಲೆ ಹೊರಗೆ ಹಾಕಿ, ಅಕ್ಕ ನೀವು ಮನೆಗೋಗಿ ಸೀರಿಯಲ್ ನೋಡ್ರಿ ಅಂದ, ಸುತ್ತ ನಿಂತವರೆಲ್ಲ ನಕ್ಕರು. ನಗ್ರಪ್ಪ. ಬಿಸಿಲು ಕಾರ್ಖಾನೆಯ ಶೀಟಿನ ಮೇಲಿಂದ ಜಾರುತ್ತಿದೆ, ಹೊಗೆ ಕಣ್ಣಿಗೆ ಹತ್ತುತ್ತಿದೆ, ಎತ್ತುತ್ತಾರೆ, ಈಗ ಎತ್ತುತ್ತಾರೆ, ಬೆಳ್ಳಗಿನ ಮೀಸೆ ತಿರುವಿಕೊಂಡು ಮುಂದೆ ನಡೆಯುತ್ತಾನೆ ಆ ಚಿಕ್ಕಬೈರಪ್ಪ, ಗೆದ್ದೆ ಅಂತ, ಅಕ್ಕ ಅವನ ಸೀರೆಯಲ್ಲಿ ಮಲಗಿರುತ್ತಾಳೆ, ನಾನು ಇಲ್ಲಿ ಯಾರದೋ ಬಾನೆಟ್ಟು ಬಡಿಯುತ್ತಾ — ಎಲ್ಲ ಕಡೆಯಿಂದಲೂ ಸದ್ದು, ಎಲ್ಲ ಕಡೆಯೂ ಲೈಟು, ಯಾವ ಕಡೆ ನೋಡಬೇಕೋ ತಿಳಿಯದೆ ತಲೆ ಗಿರ್ರೆಂದು ತಿರುಗಿತು, ಕಾಲ ಕೆಳಗಿನ ರೋಡೇ ಹರಿಯುತ್ತಿದೆ ಅನ್ನಿಸಿತು.

ಹರಿಯುತ್ತಿರುವುದು ನೀರು. ಕೆರೆ ಕೋಡಿ ಬಿದ್ದಿದೆ. ನಾನು ಅಕ್ಕನ ಸೊಂಟದ ಎತ್ತರ ಇದ್ದೇನೆ, ಆಚೆ ದಡದಲ್ಲಿ ಅಜ್ಜಿಯ ಮನೆ, ಕೋಡಿಯ ಕಲ್ಲುಗಳ ಮೇಲೆ ನೀರು ಭೋರ್ ಅಂತ ಇಳಿಯುತ್ತಿದೆ, ಕೆಂಪು ನೀರು, ಕಸಕಡ್ಡಿ ಎಲ್ಲ ಸುತ್ತುತ್ತಾ ಹೋಗುತ್ತಿದೆ, ಒಂದು ಕಲ್ಲಿನ ಮೇಲೆ ನಿಂತು ನಾನು ಅಳುತ್ತಿದ್ದೇನೆ, ಬೀಳ್ತೀನಿ ಅಕ್ಕ, ತಲೆ ತಿರುಗ್ತೈತೆ ಅಕ್ಕ. ಅಕ್ಕ ಮುಂದಿನ ಕಲ್ಲಿನ ಮೇಲೆ, ಲಂಗ ಎತ್ತಿ ಸಿಕ್ಕಿಸಿದ್ದಾಳೆ, ತಿರುಗಿ ಕೂಡ ನೋಡುವುದಿಲ್ಲ. ನೀರ್ ಯಾಕೆ ನೋಡ್ತೀಯ, ನೀರ್ ಏನು ನೀನ್ ಏಳ್ದಂಗೆ ಕೇಳ್ತದಾ, ಅದ್ರ ಪಾಡಿಗೆ ಅದು ಓಯ್ತದೆ, ನೀನು ನನ್ನ ಹಿಮ್ಮಡಿ ನೋಡ್ಕಂಡು ಬಾ, ಬ್ಯಾರೆ ಏನೂ ನೋಡ್ಬೇಡ. ಹಿಮ್ಮಡಿ ನೋಡಿದೆ. ಕುಡುಗೋಲಿನ ಗಾಯ ಆಗ ಇನ್ನೂ ಹಸಿ, ಕೆಂಪಗೆ. ಅದು ಒಂದು ಕಲ್ಲಿನಿಂದ ಎದ್ದು ಇನ್ನೊಂದಕ್ಕೆ ಹೋಯಿತು, ನನ್ನ ಕಾಲೂ ಹೋಯಿತು, ಸದ್ದು ಇತ್ತು, ಆದರೆ ಸದ್ದು ನನಗಲ್ಲ, ಹಿಮ್ಮಡಿ ಎದ್ದಿತು, ಕಾಲು ಎದ್ದಿತು, ಆಚೆ ದಡದ ಕೆಸರು ಬೆರಳ ಸಂದಿಗೆ ಬಂದಾಗಲೇ ನಾನು ತಲೆ ಎತ್ತಿದ್ದು.

ಸರಿ. ಎಲ್ಲವನ್ನೂ ನೋಡಲಿಕ್ಕೆ ಹೋದದ್ದೇ ತಪ್ಪು. ಈ ರೋಡಿನಲ್ಲಿ ಒಂದು ಹಿಮ್ಮಡಿ ಇದೆ, ಯಾವುದು, ಎಲ್ಲಿ. ಟ್ಯಾಂಕರಿನ ಮುಂದಿನ ಚಕ್ರ. ಮುಂದೆ ನುಗ್ಗಲು ಹೋಗಿ ಅಡ್ಡ ನಿಂತಿದೆ, ಎದುರಿನ ಕ್ಯಾಂಟರ್ ಲಾರಿ ಅದರಿಂದಲೇ ನಿಂತಿದೆ, ಕ್ಯಾಂಟರಿನಿಂದ ಅದರ ಹಿಂದಿನ ಸಾಲೆಲ್ಲ ನಿಂತಿದೆ. ಚಕ್ರ ಎಡಕ್ಕೆ ತಿರುಗಿದರೆ ಟ್ಯಾಂಕರು ತನ್ನ ದಾರಿಗೆ ಬೀಳುತ್ತದೆ. ಯಾಕೆ ತಿರುಗುತ್ತಿಲ್ಲ, ಚಕ್ರದ ಎಡ ಪಕ್ಕಕ್ಕೇ ಒಂದು ಬೈಕು ಮೂತಿ ತೂರಿಸಿಕೊಂಡು ನಿಂತಿದೆ. ಒಂದು ಬೈಕು. ಉಳಿದ ಯಾವುದನ್ನೂ ನಾನು ನೋಡಲಿಲ್ಲ. ಹೋಗಿ ಅದರ ಹ್ಯಾಂಡಲ್ ಹಿಡಿದೆ, ಕೊರಳಲ್ಲಿ ಕಂಪನಿ ಕಾರ್ಡು ನೇತುಹಾಕಿಕೊಂಡವನು, ಹೆಲ್ಮೆಟ್ಟಿನೊಳಗಿಂದ ಏನಾಂಟಿ ಅಂದ. ಹಿಂದಕ್ಕೆ ತಗೋ. ಆಂಟಿ, ಇಷ್ಟೊಂದು ಗಾಡಿ ಇದಾವೆ, ನನ್ನೊಬ್ನಿಂದ ಏನಾಗುತ್ತೆ. ನಿನ್ನೊಬ್ನಿಂದಾನೇ ಆಗೋದು, ತಗೋ. ಹಿಂದೆ ಜಾಗ ಇಲ್ಲ ಆಂಟಿ. ಜಾಗ ನಾನ್ ಮಾಡ್ತೀನಿ, ಇಳಿ. ಅವನು ನನ್ನ ಮುಖ ನೋಡಿದ, ಕಂಕುಳಿನ ಸೀರೆ ನೋಡಿದ, ಏನು ತಿಳಿದನೋ, ಇಳಿದ. ಹಿಂದಿನವನಿಗೆ ಮಾತೇ ಆಡಲಿಲ್ಲ ನಾನು, ಅವನ ಬೈಕಿನ ಮುಂದಿನ ಚಕ್ರಕ್ಕೆ ನನ್ನ ಮೊಣಕಾಲು ಕೊಟ್ಟು ನಿಂತೆ, ಅವನಿಗೆ ಹಿಂದೆ ಸರಿಯದೆ ಬೇರೆ ದಾರಿಯಿರಲಿಲ್ಲ, ಅಷ್ಟು ಜಾಗದಲ್ಲಿ ಈ ಬೈಕು ಹಿಂದಕ್ಕೆ ಬಂತು. ಮತ್ತೊಬ್ಬ ತೂರಲು ಬಂದ, ತಮ್ಮಾ, ನನ್ ಮೇಲೆ ಅತ್ತಿಸ್ಕಂಡು ಓಗಂಗಿದ್ರೆ ಓಗು ಅಂದೆ, ನಿಂತ. ಟ್ಯಾಂಕರಿನವನ ಕಡೆ ತಲೆ ಎತ್ತಿದೆ. ಸೀರಿಯಲ್ಲು ನಾಳೆ ನೋಡ್ತೀನಿ ಕಣಯ್ಯ, ನೀನು ಎಡಕ್ಕೆ ಚಕ್ರ ತಿರುಗ್ಸು.

ತಿರುಗಿಸಿದ. ಗುಂಡಿ ಇದೆ ಅಕ್ಕ, ಎಡಕ್ಕೆ ಗುಂಡಿ ಅಂತ ಮೇಲಿನಿಂದ ಅರಚುತ್ತಾನೆ, ಈಗ ಅವನ ದನಿಯಲ್ಲಿ ನಗುವಿಲ್ಲ, ಗುಂಡಿ ನಾನ್ ನೋಡ್ತೀನಿ, ನೀನು ನನ್ ಕೈ ನೋಡು, ಬ್ಯಾರೆ ಏನೂ ನೋಡ್ಬೇಡ ಅಂದೆ, ಅಂದ ಮೇಲೆ ಅದು ಯಾರ ಮಾತು ಅಂತ ಹೊಳೆಯಿತು, ಆದರೂ ಕೈ ಇಳಿಸಲಿಲ್ಲ. ಬಾ, ಬಾ, ಇನ್ನೊಂದ್ ಚೂರು, ಚಕ್ರ ಮಣ್ಣಿನ ಅಂಚಿಗೆ ಬಂತು, ಒಂದಿಷ್ಟು ಮಣ್ಣು ಜಾರಿ ಗುಂಡಿಗೆ ಬಿತ್ತು, ನಿಲ್ಸು, ಈಗ ಬಲಕ್ಕೆ ಒಂದು ಸುತ್ತು, ಹಾಂ, ಬಾ. ಟ್ಯಾಂಕರಿನ ಹಿಂಭಾಗ ಮೆಲ್ಲಗೆ ರೋಡಿನಿಂದ ಸರಿಯಿತು, ಕ್ಯಾಂಟರಿನವನು ಕೈ ಎತ್ತಿ ಮುಗಿದು ದಾಟಿಹೋದ, ಅದರ ಹಿಂದೆ ಕಾರು, ಅದರ ಹಿಂದೆ ಬಸ್ಸು, ನಮ್ಮ ಕಡೆಯದೂ ಹೊರಟಿತು, ಹಾರನ್ನುಗಳು ಒಂದೊಂದಾಗಿ ನಿಂತವು. ಕಾರ್ಡು ಹಾಕಿದ ಹುಡುಗ ಹೋಗುವಾಗ ಹೆಲ್ಮೆಟ್ಟು ಎತ್ತಿ ಸೂಪರ್ ಆಂಟಿ ಅಂದ. ಬಾಲಾಜಿ ಆಟೋ ತಂದು ನನ್ನ ಪಕ್ಕಕ್ಕೆ ನಿಲ್ಲಿಸಿದ, ಹತ್ತಿದೆ. ಫೋನು ಬಡಿದುಕೊಳ್ಳುತ್ತಿತ್ತು. ಚಿಕ್ಕತ್ತೆ, ಎತ್ಬಿಟ್ರು. ಮಾಲಾ ಅಳುತ್ತಿದ್ದಳು, ತಡೀರಿ ಮಾವ, ತವರಿನೋರು ಬತ್ತಾವ್ರೆ ಅಂದೆ ಚಿಕ್ಕತ್ತೆ, ಎಲ್ರ ಮುಂದೆ ಅಂದೆ, ಯಾವ ತವರು ಅಂದ್ರು, ಎತ್ಬಿಟ್ರು.

ಎತ್ತಲಿ. ಹೊಸಿಲಿನಿಂದ ಎತ್ತಿದರೆ ಮುಗಿಯಿತೇನು, ಗುಂಡಿಗೆ ಇಳಿಸುವವರೆಗೆ ದಾರಿ ಇದೆ, ದಾರಿಯ ನಡುವೆ ಹೊಂಗೆಮರ ಇದೆ. ಅವರ ಊರಿನ ಮಣ್ಣು ಮಾಡುವ ಜಾಗ ಈ ರೋಡಿನ ಆಚೆ, ಮನೆಗೂ ಅದಕ್ಕೂ ಮಧ್ಯೆ ಹೊಂಗೆಮರದ ಕೆಳಗೆ ಒಂದು ಚಪ್ಪಡಿ ಕಲ್ಲು, ಯಾರೇ ಸತ್ತರೂ ಅಲ್ಲಿ ಚಟ್ಟ ಇಳಿಸಬೇಕು, ಇಳಿಸಿ ದಿಕ್ಕು ತಿರುಗಿಸಬೇಕು, ಮನೆಯಿಂದ ಬರುವಾಗ ಕಾಲು ಮುಂದೆ, ಅಲ್ಲಿಂದ ಮುಂದಕ್ಕೆ ತಲೆ ಮುಂದೆ, ಹೋದವರಿಗೆ ಮನೆಯ ದಾರಿ ಮರೆಯಲಿ ಅಂತ. ರೋಡು ಅಗಲ ಮಾಡಿದವರು ಮರ ಉಳಿಸಿದ್ದಾರೆ, ಕಲ್ಲೂ ಉಳಿದಿದೆ, ಅದರ ಹಿಂದೆ ಒಂದು ಕಂಪನಿಯ ಗೇಟು ಬಂದಿದೆ, ಅಲ್ಲಿನ ಸೆಕ್ಯುರಿಟಿಯವನು ಆ ಕಲ್ಲಿನ ಮೇಲೆ ಕೂತು ಟೀ ಕುಡಿಯುವುದನ್ನು ಬಸ್ಸಿನಿಂದ ನೋಡಿದ್ದೇನೆ, ಪಾಪ ಅವನಿಗೇನು ಗೊತ್ತು. ಮೀಸೆ ತಿರುವುವ ಚಿಕ್ಕಬೈರಪ್ಪ ಏನನ್ನು ಮುರಿದರೂ ಆ ಕಲ್ಲನ್ನು ದಾಟಿ ಹೋಗಲಾರ. ಬಾಲಾಜಿ, ಹೊಂಗೆಮರ, ಕಂಪನಿ ಗೇಟು, ಬ್ಯಾರೆ ಎಲ್ಲೂ ನೋಡ್ಬೇಡ. ಸರಿ ಓನರಮ್ಮ. ಆಟೋ ಹಾರಿತು. ಬಿಸಿಲು ಈಗ ಸೀಟಿನಲ್ಲಿಲ್ಲ, ತಾರಸಿಗಳ ಮೇಲಿನ ಸಿಂಟೆಕ್ಸ್ ಟ್ಯಾಂಕುಗಳ ಮೇಲೆ ಮಾತ್ರ ಇದೆ.

ತಮಟೆ ಮೊದಲು ಕೇಳಿಸಿತು. ಆಮೇಲೆ ಪಟಾಕಿಯ ಹೊಗೆ, ಆಮೇಲೆ ಅವರು, ಎದುರಿನಿಂದ, ಮುಂದೆ ಶ್ರೀಧರ, ಕೈಯಲ್ಲಿ ಮಡಕೆ, ತಲೆ ಬಗ್ಗಿಸಿದ್ದಾನೆ, ಪಕ್ಕದಲ್ಲಿ ಅವನು, ಬಿಳಿ ಪಂಚೆ, ಮೀಸೆ, ನಮ್ಮ ಕಡೆಯವರಲ್ಲಿ ಒಬ್ಬರೂ ಇಲ್ಲದ ಆ ಗುಂಪಿನ ನಡುವೆ ಹೆಗಲುಗಳ ಮೇಲೆ ಅಕ್ಕ. ಕಾಲು ಮುಂದೆ. ಇಷ್ಟು ವರ್ಷ ನನ್ನ ಮುಂದೆ ನಡೆದ ಹಿಮ್ಮಡಿ ಈಗ ನನ್ನ ಎದುರಿಗೆ ಬರುತ್ತಿದೆ. ಆಟೋ ನಿಲ್ಲುವ ಮೊದಲೇ ಇಳಿದೆ, ಕಲ್ಲಿನ ಪಕ್ಕಕ್ಕೆ ಹೋಗಿ ನಿಂತೆ, ಸೆಕ್ಯುರಿಟಿಯವನು ಟೀ ಲೋಟ ಹಿಡಿದುಕೊಂಡು ಗಾಬರಿಯಿಂದ ಎದ್ದು ಸರಿದ. ನನ್ನನ್ನು ಕಂಡು ಬಾವ ನಿಂತ, ತಮಟೆ ನಿಂತಿತು. ಇವ್ಳಿಗ್ ಯಾರು ಏಳಿದ್ದು. ಮನೆಯ ಹೆಂಗಸರು ಹಿಂದೆ ಇದ್ದರು, ನಾನು ಏಳ್ದೆ ಮಾವ ಅಂತ ಮಾಲಾಳ ದನಿ, ಈ ಸಲ ಪಿಸುಮಾತಲ್ಲ. ದಾರಿ ಬಿಡು ಅಂಜನಮ್ಮ. ದಾರಿ ಬಿಟ್ಟೇ ನಿಂತಿವ್ನಿ ಬಾವ, ಕಲ್ಲು ಅಲ್ಲೈತೆ, ಇಳಿಸ್ಕಳಿ. ನನ್ನ ಮಾತು ಮರ್ತಾ, ನಿಮ್ಮನೆ ನೂಲೂ ನನ್ನ ಹೊಸ್ಲು ದಾಟಕೂಡ್ದು ಅಂದಿವ್ನಿ. ಮರೆತಿಲ್ಲ, ಒಂದು ದಿನವೂ ಮರೆತಿಲ್ಲ, ನನ್ನ ಮಗಳ ನಾಮಕರಣದ ಎಲೆ, ಕಲಸಿದ ಅನ್ನ, ತೋಳಿನ ಮೇಲಿನ ಸಾರಿನ ಬೆರಳು, ವಾಪಸ್ಸು ಬಂದ ಮೊರದ ಬಾಗಿನ, ಎಲ್ಲ ನಾಲಿಗೆಯ ತುದಿಗೆ ಒಟ್ಟಿಗೆ ಬಂದವು, ಎಲ್ಲವನ್ನೂ ಅಂದುಬಿಡಬೇಕು ಅನ್ನಿಸಿತು, ಅನ್ನಲು ಹೋಗಿದ್ದರೆ ಮತ್ತೆ ಜಾಮು. ನಾನು ಅವನ ಮುಖ ನೋಡಲಿಲ್ಲ. ಹೆಗಲುಗಳ ಮೇಲಿನ ಹಿಮ್ಮಡಿ ನೋಡಿದೆ. ನೂಲು ನಿಮ್ ಹೊಸ್ಲು ದಾಟಿಲ್ಲ ಬಾವ, ಅಕ್ಕನೇ ದಾಟಿ ಬಂದವ್ಳೆ, ಇದು ರೋಡು.

ಬಸ್ಸುಗಳು ಹೋಗುತ್ತಿದ್ದವು, ನಾನೇ ಬಿಡಿಸಿ ಕಳಿಸಿದ ಬಸ್ಸುಗಳು. ಶ್ರೀಧರ ಅಪ್ಪನ ಮುಖ ನೋಡಿದ, ನನ್ನ ಮುಖ ನೋಡಿದ, ಇಳಿಸ್ರಪ್ಪ ಅಂದ, ಮೆತ್ತಗೆ, ಆದರೆ ಅಂದ. ಇಳಿಸಿದರು. ಬಾವ ಟವೆಲ್ಲು ಕೊಡವಿ ಮರದ ಆಚೆಗೆ ತಿರುಗಿ ನಿಂತ, ನಿಂತುಕೊಳ್ಳಲಿ, ಅವನನ್ನು ಸೋಲಿಸಲು ನಾನು ಬಂದಿಲ್ಲ, ಸೀರೆ ಹೊದಿಸಲು ಬಂದಿದ್ದೇನೆ. ಸೀರೆಯ ಮಡಿಕೆ ಬಿಚ್ಚಿದೆ, ಒಂದು ತುದಿ ಮಾಲಾ ಬಂದು ಹಿಡಿದಳು, ಹಸಿರು ಗಾಳಿಗೆ ಒಮ್ಮೆ ಉಬ್ಬಿ ಅಕ್ಕನ ಮೇಲೆ ಇಳಿಯಿತು, ಅವರ ಜರತಾರಿ ಪೂರ್ತಿ ಮುಚ್ಚಿಹೋಯಿತು, ಕೆಂಪು ಅಂಚನ್ನು ಗಲ್ಲದ ಕೆಳಗೆ ಸರಿಮಾಡಿದೆ, ಮುಖ ತಣ್ಣಗಿತ್ತು, ಒಗೆಯೋರ್ ಯಾರೆ ಅಂಜೂ, ಯಾರೂ ಇಲ್ಲ ಕಣೆ ಅಕ್ಕ, ಬಣ್ಣ ಹಾಗೇ ಇರುತ್ತೆ. ಆಗ ನಾನು ಅತ್ತೆ. ರೋಡಿನಲ್ಲಿ, ಸೆಕ್ಯುರಿಟಿಯವನ ಮುಂದೆ, ನಾಚಿಕೆಯಿಲ್ಲದೆ ಅತ್ತೆ. ಕಾಲೂ ಮುಚ್ಚಮ್ಮ, ಸೀರೆ ಉದ್ದ ಐತಲ್ಲ ಅಂದಿತು ಗುಂಪಿನಲ್ಲಿ ಯಾವುದೋ ಮುದುಕಿ. ಮುಚ್ಚಲ್ಲ ಅಂದೆ. ಸೀರೆಯ ಅಂಚನ್ನು ಕಾಲಿನ ಗೆಣ್ಣಿನ ಮೇಲಕ್ಕೆ ಮಡಿಸಿ ಸಿಕ್ಕಿಸಿದೆ, ಲಂಗ ಸಿಕ್ಕಿಸಿದ ಹಾಗೆ.

ಚಟ್ಟ ಎದ್ದಿತು, ತಿರುಗಿತು, ತಲೆ ಮುಂದೆ, ಕಾಲು ಹಿಂದೆ. ಹೆಂಗಸ್ರು ಇಲ್ಲಿಂದ ವಾಪಸ್ಸು ಓಗ್ಬೇಕು ಅಂದ ಬಾವ ಮರದ ಕಡೆಯಿಂದ, ಯಾರಿಗೆ ಅಂದನೋ, ನನಗಂತೂ ಅಲ್ಲ. ರೋಡು ದಾಟಬೇಕು, ಎರಡೂ ಕಡೆಯಿಂದ ಗಾಡಿಗಳು ಲೈಟು ಹಾಕಿಕೊಂಡು ಬರುತ್ತಿದ್ದಾವೆ, ಬರಲಿ, ಹಾರನ್ನು, ತಮಟೆ, ಯಾರೋ ನನ್ನ ತೋಳು ಹಿಡಿದು ನಿಲ್ಲಮ್ಮ ಅನ್ನುತ್ತಾರೆ, ಬಿಡಿಸಿಕೊಂಡೆ, ನೀರ್ ಯಾಕೆ ನೋಡ್ತೀಯ, ಅದ್ರ ಪಾಡಿಗೆ ಅದು ಓಯ್ತದೆ, ನೋಡ್ತಾ ಇಲ್ಲ ಅಕ್ಕ, ಏನೂ ನೋಡ್ತಾ ಇಲ್ಲ, ಅರಿಶಿನ ಹಚ್ಚಿದ ಬಿರುಕು, ದಾರ ಕಟ್ಟಿದ ಹೆಬ್ಬೆರಳು, ನೀನು ನಡಿ, ನಾನ್ ಬತ್ತಾ ಇವ್ನಿ, ಬಲಗಾಲು, ಅರಿಶಿನದ ನಡುವೆ ಆ ಕಲೆ, ಬೆಳ್ಳಗೆ, ಮುಂದೆ ಹೋಗುತ್ತಿದೆ, ಆ ಕಲೆ, ಹಿಮ್ಮಡಿ, ಹಿಮ್ಮಡಿ